ಚಪ್ಪಲಿ ನೋಡದೆ ಹೇಳುವ ಕ್ರಯ

ಇವತ್ತು ಬೆಳಿಗ್ಗೆ ನನ್ನ ಜಾಹೀರಾತಿನ ಕ್ರಯವನ್ನು ಮತ್ತೊಮ್ಮೆ ಬದಲಿಸಿದೆ. ನಿನ್ನೆ ನಾಲ್ಕು ಸಾವಿರ ಇತ್ತು, ಇವತ್ತು ಮೂರೂವರೆ ಮಾಡಿದೆ. ಚಹಾ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಮನಸ್ಸು ತಡೆಯಲಿಲ್ಲ, ಪುನಃ ನಾಲ್ಕಕ್ಕೇ ತಂದಿಟ್ಟೆ. ಚಾವಡಿಯಲ್ಲಿ ಪೇಪರು ಓದುತ್ತಿದ್ದ ನಮ್ಮ ಮನೆಯವರು ಕನ್ನಡಕದ ಮೇಲಿಂದ ನೋಡಿ, “ಹೆಣೆ, ಒಂದ್ ಗಳ್ಗಿ ಕೂಕೋ ಕಾಂಬ. ಆ ಫೋನಿಗಾರೂ ಉಸ್ರ್ ಬಿಡುಕ್ ಬಿಡ್” ಅಂದರು. ಕೂತೆ. ಕೂತ ಮೇಲೆ ಕ್ಯಾರಿಯರಿನ ಫೋಟೋ ಸರಿ ಬಂದಿಲ್ಲ ಎಂದು ನೆನಪಾಗಿ ಎದ್ದೆ.

ಮಾರಲು ಇಟ್ಟಿರುವುದು ನನ್ನದೇ ಸೈಕಲ್. ಹಸಿರು ಬಣ್ಣದ ಲೇಡೀಸ್ ಸೈಕಲ್, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಮೊಣಗಂಟು ಕೈಕೊಟ್ಟಿದೆ, ಇನ್ನು ಪೆಡಲ್ ತುಳಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ಮಾರುವುದು ಅಂತ ತೀರ್ಮಾನವೂ ಆಗಿದೆ. ತೊಂದರೆ ಇರುವುದು ಕ್ರಯದಲ್ಲಿ. ಕೋಟೇಶ್ವರದ ಒಂದು ಹಳೆ ಸೈಕಲ್ ಅಂಗಡಿಯಲ್ಲಿ ಕೂದಲು ನೆರೆಯುವವರೆಗೆ ದುಡಿದು, ಬ್ರಹ್ಮಾವರದಿಂದ ಬೈಂದೂರಿನವರೆಗೆ ಕಂಡವರ ಸೈಕಲ್‌ಗೆಲ್ಲ ಕ್ರಯ ಕಟ್ಟಿದವಳು ನಾನು. “ಅಕ್ಕ ಹೇಳ್ರೆ ಅದೇ ಸಮ” ಎಂದು, ಅಂದರೆ ಅದೇ ಸರಿ ಎಂದು, ಜನ ಒಪ್ಪಿಕೊಂಡು ಹೋಗುತ್ತಿದ್ದರು. ಅಂಥವಳಿಗೆ ಈಗ ತನ್ನ ಒಂದು ಸೈಕಲ್ಲಿನ ಸಮ ಕ್ರಯ ಹೇಳಲು ಬಾಯಿ ಬರುತ್ತಿಲ್ಲ. ಇದೊಂದನ್ನು ಸರಿಯಾಗಿ ಹೇಳಲಾಗದಿದ್ದರೆ ಇಷ್ಟು ವರ್ಷ ಊರಿಗೆ ಹೇಳಿದ್ದೆಲ್ಲ ಬರೀ ಬಾಯಿಮಾತು ಎಂದಾಗುತ್ತದೆ. ಆ ಕಸಿವಿಸಿಯಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ಈಗ ಮೊಬೈಲಿನಲ್ಲಿ ಹಳೆ ಸೈಕಲ್ ಕೊಂಡು ಮಾರುವ ಹೊಸಬರು ನಮ್ಮಲ್ಲಿ ಬೇಕಷ್ಟಿದ್ದಾರೆ. ಕೆಲವರು ಫೋನ್ ಮಾಡಿ ಕೇಳುತ್ತಾರೆ, ಅಕ್ಕಾ, ಕ್ರಯ ಹೇಗೆ ಹಾಕುವುದು ಅಂತ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಬರೆಯುತ್ತ ಕೂತರೆ ನನ್ನ ಕೈಯಾದರೂ ಆ ಜಾಹೀರಾತಿನಿಂದ ದೂರ ಇದ್ದೀತು ಎಂಬ ಆಸೆಯೂ ಉಂಟು.

ನಮ್ಮ ಧಣಿ ಬಾಬಣ್ಣನಿಂದಲೇ ಶುರು ಮಾಡಬೇಕು. ಬೊಂಬಾಯಿಯಲ್ಲಿ ಹೋಟೆಲ್ ಕೆಲಸ ಮಾಡಿ, ಅದು ಸಾಕಾಗಿ ಊರಿಗೆ ಬಂದು ಸೈಕಲ್ ಅಂಗಡಿ ಇಟ್ಟವರು. ರಿಪೇರಿಯಲ್ಲಿ ಅವರ ಕೈಗೆ ಸಾಟಿ ಇರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿ. ನಾನು ಬಿಲ್ಲು ಬರೆಯಲು ಸೇರಿದವಳು. ಆಗ ಹಳೆ ಸೈಕಲ್‌ಗಳನ್ನು ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿ, “ಹಳೆ ಸೈಕಲ್ ಸಿಗುತ್ತದೆ” ಎಂದು ಸೀಮೆಸುಣ್ಣದಲ್ಲಿ ಬರೆದ ಹಲಗೆ ಇಡುತ್ತಿದ್ದೆವು. ಕ್ರಯ ಬರೆಯುತ್ತಿರಲಿಲ್ಲ. ಕ್ರಯ ಇರುತ್ತಿದ್ದದ್ದು ಬಾಬಣ್ಣನ ಕಣ್ಣಿನಲ್ಲಿ. ಗಿರಾಕಿ ಮೆಟ್ಟಿಲು ಹತ್ತುವಾಗ ಅವರು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು.

ಒಂದು ಕಪ್ಪು ಸೈಕಲ್‌ಗೆ ಒಬ್ಬನ ಹತ್ತಿರ ಒಂದೂವರೆ ಸಾವಿರ ಅಂದರು. ಅವನು ನಾಳೆ ಬರುತ್ತೇನೆಂದು ಹೋದ. ಮರುದಿನ ಬೇರೊಬ್ಬರು ಬಂದರೆ ಅದೇ ಸೈಕಲ್‌ಗೆ ಎರಡೂವರೆ. ಅವರು ಹೋದ ಮೇಲೆ ನಾನು ಸುಮ್ಮನಿರಲಿಲ್ಲ.

“ಬಾಬಣ್ಣ, ನಿನ್ನೆ ಒಂದೂವರಿ ಅಂದ್ರಿ, ಇವತ್ತ್ ಎರಡೂವರಿ ಅಂತ್ರಿ. ರಾತ್ರಿಯೊಳಗೆ ಆ ಸೈಕಲ್ಲಿಗೆ ಎಂತ ಹೊಸ್ತ್ ಹುಟ್ತ್?”

“ನಿನ್ನೆ ಬಂದವ ಹವಾಯಿ ಚಪ್ಲಿ. ಇವತ್ತಿನವ ಬೂಟ್ಸ್. ನಿಂಗೆ ವ್ಯಾಪಾರ ಗೊತ್ತಿಲ್ಲೆ, ಸುಮ್ನೆ ಬಿಲ್ ಬರಿ.”

ಬರೆದೆ. ಆದರೆ ಆ ಮಾತು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಒಳಗೆ ಉಳಿಯಿತು. ಬಡವನಿಗೆ ಕಮ್ಮಿ ಹೇಳಿದರಲ್ಲ, ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಯಾವಾಗಲೂ ಹಾಗೆ ನಡೆಯುತ್ತಿರಲಿಲ್ಲ. ಹವಾಯಿ ಚಪ್ಪಲಿಯವನಿಗೆ ಅವಸರ ಇದೆ ಎಂದು ಗೊತ್ತಾದರೆ ಅವನಿಗೇ ಹೆಚ್ಚು ಹೇಳಿದ್ದನ್ನೂ ಕಂಡಿದ್ದೇನೆ. ಹೆಚ್ಚೋ ಕಮ್ಮಿಯೋ, ಹೇಳುತ್ತಿದ್ದದ್ದು ಮನುಷ್ಯನ ಕ್ರಯ. ಸೈಕಲ್ ಪಾಪ ಪಕ್ಕದಲ್ಲಿ ನಿಂತಿರುತ್ತಿತ್ತು.

ಫೋನು ಬಂದ ಮೇಲೆ ಇದು ಬದಲಾಯಿತು. ಬಾಬಣ್ಣನ ಅಳಿಯ ಒಂದು ಸಲ ಬಂದವನು ಮೊಬೈಲಿನಲ್ಲಿ ಹಳೆ ಸಾಮಾನಿನ ಜಾಹೀರಾತು ಹಾಕುವುದನ್ನು ತೋರಿಸಿಕೊಟ್ಟ. ಬಾಬಣ್ಣನಿಗೆ ಗಾಜಿನ ಮೇಲೆ ಬೆರಳು ಆಡಿಸುವುದು ಆಗಿಬರಲಿಲ್ಲ. ಗ್ರೀಸಿನ ಬೆರಳಿಗೆ ಪರದೆ ಒಲಿಯುತ್ತಲೂ ಇರಲಿಲ್ಲ. ಕೆಲಸ ನನ್ನ ಪಾಲಿಗೆ ಬಂತು. ಮೊದಲನೆಯ ಜಾಹೀರಾತು ಹಾಕುವಾಗಲೇ ನನಗೆ ಹೊಳೆದದ್ದು ಏನೆಂದರೆ, ಇಲ್ಲಿ ಕ್ರಯವನ್ನು ಮೊದಲೇ ಬರೆಯಬೇಕು. ತೆಗೆದುಕೊಳ್ಳುವವರು ಯಾರು, ಅವರ ಕಾಲಿನಲ್ಲಿ ಏನಿದೆ, ಏನೂ ಗೊತ್ತಿಲ್ಲದೆ ಬರೆಯಬೇಕು. ನನಗೆ ಅಂಗಡಿಯೊಳಗೆ ಗಾಳಿ ಬಂದ ಹಾಗಾಯಿತು.

ಹೊಸಬರಿಗೆ ನಾನು ಹೇಳುವ ಮೊದಲನೆಯ ಮಾತು ಇದೇ. ಯಾರೂ ಫೋನ್ ಮಾಡುವ ಮೊದಲು, ಸೈಕಲ್ ಒಂದನ್ನೇ ಎದುರಿಗೆ ನಿಲ್ಲಿಸಿಕೊಂಡು ಕ್ರಯ ಬರೆಯಿರಿ. ಬರೆದ ಮೇಲೆ ಕರೆ ಮಾಡಿದವರು ಡಾಕ್ಟರಾದರೂ ದೋಣಿಗೆ ಹೋಗುವವರಾದರೂ ಅದೇ ಕ್ರಯ. ಬಾಬಣ್ಣ ಇದಕ್ಕೂ ಉಪಾಯ ಹುಡುಕಿದರು. “ಅವನ್ ಫೋಟೋ ಕಾಣ್ ಫೋನಂಗೆ. ಕಾರಿನ್ ಎದ್ರ್ ನಿಂತಿದ್ದ. ಐನೂರ್ ಜಾಸ್ತಿ ಹೇಳ್” ಅಂದರು. ನಾನು ಫೋನನ್ನು ಸೆರಗಿನಡಿ ಇಟ್ಟುಕೊಂಡೆ. ಆಮೇಲೆ ಗೊತ್ತಾಯಿತು, ಕಾರು ಅವನದ್ದಲ್ಲ, ಅವನು ಆ ಕಾರಿನ ಡ್ರೈವರು.

ಈಗ ನನ್ನ ಮೊದಲ ಜಾಹೀರಾತಿನ ಕಥೆ. ಇದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ನಾನು ಬರೆದದ್ದು ಹೀಗೆ: “ಜೆಂಟ್ಸ್ ಸೈಕಲ್ ಇತ್ತು. ಬ್ರೇಕ್ ಸಮ ಇತ್ತು. ಟಯರ್ ಹೊಸತು ಇತ್ತು. ಚರ್ಚೆ ಇಲ್ಲ.” ಬರೆದು, ಎರಡು ಸಲ ಓದಿ, ಚಂದ ಆಗಿದೆ ಎಂದು ಹಾಕಿದೆ. ಕುಂದಾಪುರದ ಒಳಗಿನವರು ಒಬ್ಬಿಬ್ಬರು ಫೋನ್ ಮಾಡಿದರು. ಘಟ್ಟದ ಮೇಲಿನಿಂದ ಒಂದೂ ಇಲ್ಲ. ಯಾಕೆ ಹೀಗೆ ಎಂದು ನಾನು ದಿನವೂ ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಕಡೆಗೆ ಶಿವಮೊಗ್ಗದ ಕಡೆಯ ಒಬ್ಬರು ಕರೆ ಮಾಡಿದರು.

“ಮೇಡಂ, ಸೈಕಲ್ ಇತ್ತು, ಬ್ರೇಕ್ ಇತ್ತು, ಟಯರ್ ಇತ್ತು ಅಂತ ಬರೆದಿದ್ದೀರಿ. ಈಗ ಏನಿದೆ ಅದು ಹೇಳಿ.”

“ಎಲ್ಲ ಇತ್ತಲ್ಲ!”

“ಅದೇ ಕೇಳ್ತಿರೋದು, ಇತ್ತು ಸರಿ. ಕಳುವಾಯ್ತಾ? ಮತ್ತೆ ಅದರ ಬಗ್ಗೆ ಚರ್ಚೆನೂ ಮಾಡಬಾರದು ಅಂತ ಬೇರೆ ಹಾಕಿದ್ದೀರಿ.”

ಆಗ ತಲೆಗೆ ಹೋಯಿತು. ನಮ್ಮ ಮಾತಿನಲ್ಲಿ ‘ಇತ್ತ್’ ಅಂದರೆ ಇದೆ ಎಂದು. ಹಿಂದೆ ಇದ್ದು ಈಗ ಇಲ್ಲದ್ದಕ್ಕೆ ‘ಇದ್ದಿತ್’ ಎನ್ನುತ್ತೇವೆ. ಬರೆಯುವಾಗ ಸ್ವಲ್ಪ ಪುಸ್ತಕದಂತೆ ಇರಲಿ ಎಂದು ಇತ್ತ್ ಎಂಬುದನ್ನು ಇತ್ತು ಮಾಡಿದ್ದೆ. ಘಟ್ಟದ ಮೇಲಿನವರು ಅದನ್ನು ಓದಿ, ಪಾಪ, ಯಾರದೋ ಹೋದ ಸೈಕಲ್ಲಿನ ಕಥೆ ಎಂದುಕೊಂಡಿದ್ದರು. ಚರ್ಚೆ ಎಂದರೆ ನಮ್ಮಲ್ಲಿ ಚೌಕಾಸಿ. ಅವರು ಮಾತೇ ಆಡಬಾರದು ಎಂದು ತಿಳಿದಿದ್ದರು. ಬಾಬಣ್ಣನಿಗೆ ಇದನ್ನು ಹೇಳಿದರೆ ಅವರು ಚೈನಿಗೆ ಎಣ್ಣೆ ಬಿಡುತ್ತಲೇ, “ಅವ್ರಿಗೆ ಕನ್ನಡ ಬತ್ತಿಲ್ಲೆ” ಎಂದು ತೀರ್ಪು ಕೊಟ್ಟರು.

ಇಲ್ಲಿಗೆ ಬರೆಯುವಾಗ ಫೋನು ಗುಂಯ್ ಅಂದಿತು. ನನ್ನ ಹಸಿರು ಸೈಕಲ್‌ಗೆ ಒಂದು ಸಂದೇಶ: “ಲಾಸ್ಟ್ ಎಷ್ಟು?” ಫಸ್ಟ್ ಎಷ್ಟು ಎಂದೇ ನನಗೆ ಗೊತ್ತಿಲ್ಲ, ಲಾಸ್ಟ್ ಎಲ್ಲಿಂದ ತರಲಿ. ಅಂಗಳಕ್ಕೆ ಹೋಗಿ ಸೈಕಲ್ಲನ್ನು ಬಿಸಿಲಿನಿಂದ ನೆರಳಿಗೆ ಸರಿಸಿ ಬಂದೆ.

ಎರಡನೆಯ ಮಾತು ಉಪ್ಪುಗಾಳಿಯದ್ದು. ಬೇರೆ ಊರಿನವರು ಸೈಕಲ್ಲಿನ ವಯಸ್ಸು ಕೇಳುತ್ತಾರೆ. ನಾವು ಕೇಳಬೇಕಾದದ್ದು ಅದು ಕಡಲಿನಿಂದ ಎಷ್ಟು ದೂರದಲ್ಲಿ ರಾತ್ರಿ ಕಳೆಯಿತು ಎಂದು. ಬಾರ್ಕೂರಿನ ಗದ್ದೆ ಬದಿಯ ಸೈಕಲ್ ನೋಡಲು ಕೊಳಕು. ಚೈನಿನಲ್ಲಿ ಕೆಸರು, ಮಡ್‌ಗಾರ್ಡ್ ತಗ್ಗುಮುಗ್ಗು. ತೊಳೆದರೆ ಒಳಗಿನ ಕಬ್ಬಿಣ ಗಟ್ಟಿ. ಕಡಲ ದಂಡೆಯ ಸೈಕಲ್ ಹೊರಗೆ ಮಿರಿಮಿರಿ ಹೊಳೆಯುತ್ತದೆ, ಸೀಟಿನ ಕಂಬ ಎಳೆದು ಟಾರ್ಚ್ ಬಿಟ್ಟರೆ ಒಳಗೆ ಕೆಂಪು ಪುಡಿ. ಬಾರ್ಕೂರಿನ ಒಬ್ಬ ಬೇಸಾಯದವರು ತಮ್ಮ ಕಪ್ಪು ಸೈಕಲ್ ತಂದು, “ಐನೂರ್ ಕೊಡಿ ಸಾಕ್, ಹಳ್ತ್” ಅಂದರು. ನಾನು ನೋಡಿ ಸಾವಿರದ ಇನ್ನೂರು ಎಂದು ಬರೆದೆ. ಬಾಬಣ್ಣ ನನ್ನ ಕಾಲು ತುಳಿದರು. ಮಾರುವವರು ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಹುಚ್ಚಿಯನ್ನು ಇಟ್ಟುಕೊಂಡು ಅಂಗಡಿ ನಡೆಸುವುದು ಹೇಗೆ ಎಂದು ಸಂಜೆಯವರೆಗೆ ಗೊಣಗಿದರು. ಮುಂದಿನ ಬೇಸಗೆಯಲ್ಲಿ ಬಾರ್ಕೂರು, ಬ್ರಹ್ಮಾವರದ ಕಡೆಯಿಂದ ಸೈಕಲ್‌ಗಳು ನಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬಂದಾಗ ಗೊಣಗಾಟ ತಾನಾಗಿ ನಿಂತಿತು.

ಇನ್ನೊಂದು ಕಡಲ ದಂಡೆಯ ನಮ್ಮ ಊರು ಬೀಜಾಡಿಯದ್ದೇ. ಕೊರೊನಾ ಕಾಲದಲ್ಲಿ ಎಲ್ಲರಿಗೂ ಗೇರಿನ ಸೈಕಲ್ ಹುಚ್ಚು ಹಿಡಿದಿತ್ತಲ್ಲ, ಆಗ ದೊಡ್ಡ ಬೆಲೆ ಕೊಟ್ಟು ಕೊಂಡವರು. ದೂರದ ಊರಿನಲ್ಲಿ ಹೋಟೆಲ್ ಇದ್ದ ಕುಟುಂಬ, ಕಡಲಿಗೆ ಮುಖ ಮಾಡಿ ಮನೆ ಕಟ್ಟಿಸಿದ್ದರು. ಹೋಟೆಲು ಮತ್ತೆ ತೆರೆದ ಮೇಲೆ ಸೈಕಲ್ ಜಗುಲಿಯಲ್ಲೇ ಉಳಿಯಿತು. ಮನೆಯ ಯಜಮಾನರು ನನ್ನನ್ನು ಕರೆಸಿ ಮೊದಲು ತೋರಿಸಿದ್ದು ಬಿಲ್ಲು.

“ಬಿಲ್ ನೀವ್ ಕೊಟ್ಟದ್ದ್ ಹೇಳತ್ತ್, ಸೈಕಲ್ ಹ್ಯಾಂಗಿತ್ತ್ ಅಂದ್ ಹೇಳತ್ತಿಲ್ಲೆ” ಎಂದೆ. ಸೀಟಿನ ಕಂಬ ಎಳೆದೆ. ಅವರ ಬಿಳಿ ಟೈಲ್ಸ್ ಮೇಲೆ ತುಕ್ಕು ಉದುರಿತು. ಐದು ಸಾವಿರ ಅಂದೆ. ಗೇರಿನ ಸೈಕಲ್ಲಿನ ಮರ್ಯಾದೆ ನಿಮಗೆ ತಿಳಿಯುವುದಿಲ್ಲ ಎಂದು ಕಳಿಸಿಬಿಟ್ಟರು. ಮಳೆಗಾಲ ಕಳೆದ ಮೇಲೆ ಅವರೇ ಅಂಗಡಿಗೆ ಬಂದು, ಆಯ್ತು, ಐದು ಕೊಡಿ ಅಂದರು. ನಾನು ಪುನಃ ಕಂಬ ಎಳೆದು ನೋಡಿದೆ.

“ಅವತ್ತ್ ಐದಿದ್ದಿತ್. ಇವತ್ತ್ ಮೂರಿತ್ತ್.”

“ಮಾತ್ ಬದಲ್ಸ್ತ್ರಿಯಲ್ಲ!”

“ನಾನ್ ಬದಲ್ಸಲಿಲ್ಲೆ. ಕಡಲ್ ಬದಲ್ಸಿತ್.”

ಅವರಿಗೆ ನಗು ಬಂತು. ಮೂರಕ್ಕೇ ಕೊಟ್ಟರು. ನಾವು ಅದರ ತುಕ್ಕು ಕೆರೆದು, ಇಂತಿಂಥ ಕಡೆ ತುಕ್ಕು ಇದೆ ಎಂದು ಫೋಟೋ ಸಮೇತ ಜಾಹೀರಾತಿನಲ್ಲಿ ಬರೆದು ಮಾರಿದೆವು. ದೋಷ ಬರೆದರೆ ಗಿರಾಕಿ ಓಡುತ್ತಾನೆ ಎಂದು ಹೊಸಬರು ಹೆದರುತ್ತಾರೆ. ಒಂದಿಬ್ಬರು ಓಡಲಿ. ಬಂದವರು ನಿಮ್ಮ ಮನೆಯ ಬಾಗಿಲಿಗೆ ಬಂದು ಜಗಳ ಆಡುವುದಿಲ್ಲ. ಈ ಕೆಲಸದಲ್ಲಿ ರಾತ್ರಿ ನಿದ್ದೆ ಬರಬೇಕಾದರೆ ಅದೊಂದೇ ದಾರಿ.

ಮೂರನೆಯದನ್ನು ಬರೆಯಲು ನನಗೆ ಇವತ್ತು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಸಾಲಿಗ್ರಾಮದ ಒಬ್ಬ ನಿವೃತ್ತ ಮೇಷ್ಟ್ರು ತಂದೆಯ ಸೈಕಲ್ ಮಾರಬೇಕು ಅಂದರು. ಹೋಗಿ ನೋಡಿದರೆ ಚೆನ್ನಾಗಿ ಇಟ್ಟುಕೊಂಡಿದ್ದರು. ಆದರೆ ಹೊಸ ಸೈಕಲ್ಲಿಗಿಂತ ಹೆಚ್ಚು ಕ್ರಯ ಹೇಳಿದರು. ಯಾಕೆ ಎಂದು ಕೇಳಿದೆ. “ನಮ್ಮಪ್ಪಯ್ಯ ಇದ್ರ್ ಮೇಲೆ ಕೂರ್ಸ್ಕಂಡ್ ನನ್ನ ಶಾಲಿಗ್ ಬಿಟ್ಟದ್ದ್” ಅಂದರು. ನನಗೆ ಹತ್ತು ಕಡೆ ಕೆಲಸ ಇತ್ತು, ಮೈಮೇಲೆ ಅವಸರ. “ಆ ಸವಾರಿ ನಿಮ್ಮತ್ರವೇ ಇರ್ಲಿ ಮೇಷ್ಟ್ರೆ, ಅದನ್ನ್ ತಕಂಬವ್ರ್ ತುಳಿತಿಲ್ಲೆ. ನಾನ್ ಸೈಕಲ್ಲಿಗ್ ಮಾತ್ರ ಕ್ರಯ ಹೇಳ್ತೆ” ಅಂದೆ. ಅವರು ಹ್ಯಾಂಡಲ್ ಹಿಡಿದು, “ಹಂಗಾರೆ ಮಾರೂದಿಲ್ಲೆ” ಎಂದು ಅದನ್ನು ಒಳಗೆ ತೆಗೆದುಕೊಂಡು ಹೋದರು. ನಾನು ಹೇಳಿದ್ದು ತಪ್ಪಲ್ಲ. ನೆನಪನ್ನು ಕ್ರಯದೊಳಗೆ ಸೇರಿಸಬಾರದು, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಈಗ ಅಂಗಳದಲ್ಲಿ ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದಾಗಲೆಲ್ಲ ಆ ಮೇಷ್ಟ್ರು ಎದುರಿಗೆ ಬಂದು ನಿಲ್ಲುತ್ತಾರೆ.

ನನ್ನ ಈ ಹಸಿರು ಸೈಕಲ್ಲನ್ನು ಅಂಗಡಿಗೆ ಬಂದ ಮೊದಲ ಹೊಸ ಸೈಕಲ್‌ಗಳಲ್ಲೇ ಕೊಂಡೆ, ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಸಿಕೊಂಡು. ಆಗ ಬಿಡಲು ಬರುತ್ತಿರಲಿಲ್ಲ. ಎರಡು ಮಕ್ಕಳ ತಾಯಿ ರಸ್ತೆಯಲ್ಲಿ ಬೀಳುವುದೆಂದರೆ ಊರಿಗೆ ಪುಕ್ಕಟೆ ಆಟ. ಹಾಗಾಗಿ ನೀರು ಇಳಿದ ಹೊತ್ತಿನಲ್ಲಿ ಬೀಜಾಡಿಯ ಕಡಲ ದಂಡೆಗೆ ತಂದೆ. ಹಸಿ ಮರಳು ಗಟ್ಟಿಯಾಗಿರುತ್ತದೆ, ಚಕ್ರ ಹೂಳುವುದಿಲ್ಲ, ಬಿದ್ದರೂ ಅಷ್ಟು ನೋಯುವುದಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ಬಿದ್ದು ಎದ್ದು, ಒಂದು ಸಂಜೆ ಯಾರೂ ಹಿಡಿಯದೆ ಕಲ್ಲಿನ ತಡೆಗೋಡೆಯವರೆಗೆ ಹೋದೆ. ನಿಲ್ಲಿಸಲು ಗೊತ್ತಾಗದೆ ನೀರಿಗೇ ಹೋದೆ. ಒದ್ದೆ ಸೀರೆಯಲ್ಲಿ ನಗುತ್ತ ಮನೆಗೆ ಬಂದದ್ದು ನೆನಪಿದೆ. ಆಮೇಲೆ ಬಸ್ಸಿನ ಹಂಗು ಹರಿಯಿತು. ಅಷ್ಟು ಸಂತೋಷ ನನಗೆ ಬೇರೆ ಯಾವ ಸಾಮಾನೂ ಕೊಟ್ಟಿಲ್ಲ. ನಾಲ್ಕು ಸಾವಿರದಲ್ಲಿ ಅರ್ಧ ಆ ಸಂಜೆಯದ್ದು, ನನಗೆ ಗೊತ್ತು. ಯಾರೂ ಬರದಿರಲಿ ಎಂದೇ ಹಾಕಿದ ಕ್ರಯ ಅದು. ಬೇರೆಯವರು ಇಂಥ ಜಾಹೀರಾತು ಹಾಕಿದರೆ, ಮಾರುವ ಮನಸ್ಸಿಲ್ಲದಿದ್ದರೆ ಯಾಕೆ ಜನರ ಹೊತ್ತು ಹಾಳು ಮಾಡುತ್ತೀರಿ ಎಂದು ಬೈಯುತ್ತಿದ್ದವಳು ನಾನೇ.

ಬಾಬಣ್ಣನಿಗೆ ಫೋನ್ ಮಾಡಿದೆ. ಅಂಗಡಿಯನ್ನು ಅಳಿಯನಿಗೆ ಬಿಟ್ಟುಕೊಟ್ಟು ಅವರೂ ಮನೆಯಲ್ಲೇ ಇದ್ದಾರೆ. “ನನ್ ಸೈಕಲ್ಲಿಗ್ ನೀವೇ ಒಂದ್ ಕ್ರಯ ಹೇಳಿ” ಅಂದೆ. ಅವರು ಆಚೆಯಿಂದ ಕೇಳಿದ್ದು ಒಂದೇ: “ತಕಂಬವ್ರ ಚಪ್ಲಿ ಹ್ಯಾಂಗಿತ್ತ್?” ಫೋನು ಇಟ್ಟೆ.

ಇದಾಗಿ ಎರಡು ದಿನ ಬರೆಯಲಾಗಲಿಲ್ಲ. ನಡುವೆ ಒಂದು ಕರೆ ಬಂತು. ಬೈಂದೂರು ಹತ್ತಿರದ ಉಪ್ಪುಂದದಿಂದ, ಜಲಜ ಎಂಬ ಹೆಂಗಸು.

“ಅಕ್ಕಾ, ಸೈಕಲ್ ಇತ್ತಾ?”

“ಇತ್ತ್.”

ಅವಳು ಹೇಳಿದ್ದು ಇಷ್ಟು. ಮನೆಯಿಂದ ದೂರದ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಆ ಒಳದಾರಿಗೆ ಬಸ್ಸಿಲ್ಲ. ನಡೆದು ತಲುಪುವಾಗ ಗೇಟು ಹಾಕಿರುತ್ತದೆ. ಮೊನ್ನೆಯೂ ವಾಪಸ್ ಕಳಿಸಿದ್ದಾರೆ, ಇನ್ನು ತಡವಾದರೆ ಬರುವುದೇ ಬೇಡ ಎಂದಿದ್ದಾರೆ. “ಸೈಕಲ್ ಬಿಡುಕ್ ಬತ್ತಾ?” ಎಂದು ಕೇಳಿದೆ. “ಇಲ್ಲೆ, ಇನ್ನ್ ಕಲಿತೆ” ಅಂದಳು. ಕ್ರಯ ನಾಲ್ಕು ಸಾವಿರ ಎಂದು ಹೇಳುವಾಗ ನನ್ನ ದನಿ ನನಗೇ ಸುಳ್ಳು ಕೇಳಿಸಿತು. “ಬಂದ್ ಕಾಂತೆ” ಅಂದಳು. ಬರುವ ಮೊದಲು ಏನೇನು ನೋಡಬೇಕೆಂದು, ಎಲ್ಲರಿಗೂ ಹೇಳುವಂತೆ ಅವಳಿಗೂ ಹೇಳಿದೆ. ಹಿಂದಿನ ಚಕ್ರ ಎತ್ತಿ ತಿರುಗಿಸಿ ನೋಡು, ಪೆಡಲಿನ ದಂಡ ಹಿಡಿದು ಅಲ್ಲಾಡಿಸು, ಟಯರಿನ ಬದಿ ಒತ್ತು, ಸೀಟಿನ ಕಂಬ ಎಳೆದು ಒಳಗೆ ನೋಡು ಎಂದು. ಹಳೆ ಚಾಳಿ.

ಆದಿತ್ಯವಾರ ಅವಳು ಬಂದಳು. ನಲವತ್ತು ದಾಟಿದವಳು, ಗಟ್ಟಿ ಆಳು, ಬೆರಳುಗಳಲ್ಲಿ ಗೇರಿನ ಕಪ್ಪು ಕಲೆ. ಬಿಸಿಲಲ್ಲಿ ಬಂದವಳಿಗೆ ನೀರು ಬೆಲ್ಲ ಕೊಟ್ಟೆ. ಅವಳು ಮೆಟ್ಟಿಲ ಕೆಳಗೆ ಬಿಟ್ಟ ಚಪ್ಪಲಿ ಕಣ್ಣಿಗೆ ಬಿತ್ತು. ಒಂದು ಬಾರು ಕಿತ್ತು ಹೋಗಿ ಮೀನಿನ ಬಲೆಯ ದಾರದಲ್ಲಿ ಹೊಲಿದದ್ದು. ಅವಳು ಇನ್ನೂ ಸೈಕಲ್ಲಿನ ಹತ್ತಿರ ಹೋಗಿರಲಿಲ್ಲ.

“ಕ್ರಯದ್ ತಲೆಬಿಸಿ ಬ್ಯಾಡ ಜಲಜಾ. ಒಂದ್ ಸಾವ್ರ ಕೊಡ್, ಸಾಕ್” ಅಂದೆ. ಹೇಳುವಾಗ ನನಗೆ ಹಗುರವಾಯಿತು. ಇಷ್ಟು ದಿನದ ಒದ್ದಾಟ ತೀರಿತಲ್ಲ ಎಂದುಕೊಂಡೆ.

ಅವಳು ಲೋಟ ಕೆಳಗಿಟ್ಟಳು.

“ಅಕ್ಕಾ, ಫೋನಂಗೆ ನಾಕ್ ಸಾವ್ರ ಅಂದ್ರಿ. ಈಗ ಒಂದ್ ಅಂತ್ರಿ. ಅಷ್ಟೊಳಗೆ ಸೈಕಲ್ಲಿಗೆ ಎಂತ ಹಾಳಾಯ್ತ್?”

“ಎಂತ ಆಗಲಿಲ್ಲೆ. ನಿಂಗ್ ಕಷ್ಟ ಇತ್ತಲ್ದಾ, ಅದ್ಕೆ...”

“ಕಷ್ಟ ನಂದ್. ಅದನ್ನ ನಾನ್ ಮಾರುಕ್ ಬರಲಿಲ್ಲೆ. ನಾಕ್ ಸಮ ಆರೆ ನಂಗ್ ಕೊಡುಕ್ ಎಡಿಯ, ಬಂದ್ ಬಸ್ಸಿಗೇ ಮನಿಗ್ ಹೋತೆ. ಒಂದ್ ಸಮ ಆರೆ ಫೋನಂಗೆ ನಾಕ್ ಅಂದದ್ದ್ ಎಂತಕ್? ನನ್ನ ಕಂಡ್ ಹೇಳ್ಬೇಡಿ. ಸೈಕಲ್ ಕಂಡ್ ಹೇಳಿ.”

ಚಾವಡಿಯಲ್ಲಿ ಪೇಪರಿನ ಸದ್ದು ನಿಂತಿತು. ನಮ್ಮ ಮನೆಯವರು ಕೇಳುತ್ತಿದ್ದರು. ಬಾಬಣ್ಣನಿಗೆ ನಾನು ಕೇಳಿದ ಪ್ರಶ್ನೆಯನ್ನೇ ಉಪ್ಪುಂದದವಳು ನನ್ನ ಅಂಗಳದಲ್ಲಿ ನಿಂತು ನನಗೆ ಕೇಳುತ್ತಿದ್ದಳು. ಹೆಚ್ಚು ಹೇಳುವಾಗ ನನ್ನ ಸಂಜೆಯನ್ನು ನೋಡಿ ಹೇಳಿದೆ, ಕಮ್ಮಿ ಹೇಳುವಾಗ ಅವಳ ಚಪ್ಪಲಿ ನೋಡಿ ಹೇಳಿದೆ. ಸೈಕಲ್ಲನ್ನು ನಾನು ಇನ್ನೂ ನೋಡಿಯೇ ಇರಲಿಲ್ಲ. ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕೈ ತುರಿಸಿತು. ಸ್ಪ್ಯಾನರ್ ತರಲು ಒಳಗೆ ಓಡಿದೆ, ಮೊಣಗಂಟನ್ನೂ ಮರೆತು.

ಇಬ್ಬರೂ ಸೇರಿ ನೋಡಿದೆವು. ಚಕ್ರ ಎತ್ತಿ ತಿರುಗಿಸಿದೆವು, ಓರೆಯಿಲ್ಲ. ಪೆಡಲಿನ ದಂಡ ಅವಳು ಹಿಡಿದು ಅಲ್ಲಾಡಿಸಿದಳು, ಚೂರು ಸಡಿಲ. ಹಿಂದಿನ ಟಯರಿನ ಬದಿಯಲ್ಲಿ ಕೂದಲೆಳೆ ಬಿರುಕು. “ಇನ್ನ್ ಕಂಬ” ಅಂದಳು. ಕಂಬ ಎಳೆಯಲು ನನಗೆ ಮನಸ್ಸಿರಲಿಲ್ಲ. ಬೀಜಾಡಿಯ ಸೈಕಲ್, ಕಡಲಿಗೆ ಕೂಗಳತೆಯಲ್ಲಿ ಇಷ್ಟು ವರ್ಷ ಮಲಗಿದ್ದು. ದಿನಾ ಒರೆಸಿದ್ದೇನೆ, ಎಣ್ಣೆ ಬಿಟ್ಟಿದ್ದೇನೆ. ಎಳೆದೆ. ನನ್ನ ಅಂಗಳದಲ್ಲೂ ಕೆಂಪು ಪುಡಿ ಉದುರಿತು.

“ತುಕ್ಕ್ ಇತ್ತ್” ಅಂದಳು ಜಲಜ.

“ಇತ್ತ್” ಅಂದೆ.

ಈಗ ಕ್ರಯ ತಾನಾಗಿ ಬಾಯಿಗೆ ಬಂತು. ಇಂಥದ್ದೇ ಹೊಸತು ಅಂಗಡಿಯಲ್ಲಿ ಈಗ ಆರು ಸಾವಿರದ ಆಸುಪಾಸು. ಚೆನ್ನಾಗಿ ಇಟ್ಟುಕೊಂಡ ಹಳೆಯದಕ್ಕೆ ಅದರ ಅರ್ಧ. ಉಪ್ಪುಗಾಳಿಗೆ ಐನೂರು ಕಳೆ, ಟಯರಿಗೆ ನಾನೂರು ಕಳೆ, ಮೊನ್ನೆ ಮೊನ್ನೆ ಹಾಕಿಸಿದ ಚೈನಿಗೆ ನೂರು ಕೂಡಿಸು. ಎರಡು ಸಾವಿರದ ಇನ್ನೂರು. ಅವಳಿಗೆ ಲೆಕ್ಕ ಬಿಡಿಸಿ ಹೇಳಿದೆ. ಅವಳು ಒಂದೊಂದಕ್ಕೂ ತಲೆಯಾಡಿಸಿದಳು. ಆಮೇಲೆ ಮೆಲ್ಲನೆ ಚರ್ಚೆ ಶುರು ಮಾಡಿದಳು.

“ಎರಡ್ ಮಾಡಿ ಅಕ್ಕಾ. ಉಪ್ಪುಂದದಿಂದ ಬಸ್ ಚಾರ್ಜ್ ಕೊಟ್ಟ್ ಬಂದಿದ್ದೆ.”

“ಬಸ್ಸ್ ನಿಂದ್. ಸೈಕಲ್ ಕಂಡ್ ಹೇಳ್” ಅಂದೆ.

ಅವಳು ದೊಡ್ಡದಾಗಿ ನಕ್ಕಳು. ಬಂದಾಗಿನಿಂದ ಮೊದಲ ಸಲ. ಚಾವಡಿಯಲ್ಲಿ ಇವರೂ ನಕ್ಕರು. ಎರಡು ಸಾವಿರದ ಇನ್ನೂರನ್ನು ಎಣಿಸಿ ಕೊಟ್ಟಳು, ನಾನು ಎಣಿಸಿ ತೆಗೆದುಕೊಂಡೆ. ಸಡಿಲ ಇದ್ದ ದಂಡವನ್ನು ಅಲ್ಲೇ ಬಿಗಿ ಮಾಡಿಕೊಟ್ಟೆ, ಅದು ನಮ್ಮ ಅಂಗಡಿಯ ಕ್ರಮ. ನೀರು ಇಳಿದ ಮೇಲೆ ಹಸಿ ಮರಳಿನಲ್ಲಿ ಕಲಿಯಬೇಕು, ಮನೆಗೆ ತಂದು ಸಿಹಿನೀರಿನಲ್ಲಿ ತೊಳೆಯಬೇಕು, ಮೊದಲು ನಿಲ್ಲಿಸುವುದನ್ನು ಕಲಿಯಬೇಕು ಎಂದು ಹೇಳಿದೆ. ಹೈವೇಯಲ್ಲಿ ಅವಳ ಊರಿನ ಟೆಂಪೊ ಬರುವುದಿತ್ತು. ಸೈಕಲ್ಲನ್ನು ನೂಕಿಕೊಂಡು ಹೋದಳು. ಬುಟ್ಟಿಯಲ್ಲಿ ಅವಳ ಕೊಡೆ. ತಿರುವಿನವರೆಗೆ ಬೆಲ್ಲು ಸುಮ್ಮನೆ ಹೊಡೆಯುತ್ತ ಹೋದಳು. ನನಗೆ ಅಳು ಬಂತು. ಅತ್ತೆ.

ಮತ್ತೆ ಮನಸ್ಸು ನಿಲ್ಲಲಿಲ್ಲ. ಖಾಲಿ ಅಂಗಳ ಗುಡಿಸಿದೆ, ತುಕ್ಕಿನ ಪುಡಿ ಬಳಿದು ತೆಂಗಿನ ಬುಡಕ್ಕೆ ಹಾಕಿದೆ. ವಾರ ಕಳೆಯುವುದರೊಳಗೆ ಫೋನು ಬಂತು.

“ಅಕ್ಕಾ, ಬಿದ್ದೆ!”

“ಸೈಕಲ್ಲಿಗೆ ಎಂತ ಆಯ್ತ್?” ನಾನು ಮೊದಲು ಕೇಳಿದ್ದು ಅದನ್ನೇ, ಏನು ಮಾಡಲಿ.

“ಸೈಕಲ್ ಸಮ ಇತ್ತ್. ನನ್ನ ಮೊಣ್ಗಂಟ್ ತರ್ಚಿತ್. ಆರೆ ಇವತ್ತ್ ಗೇಟ್ ಹಾಕುಕ್ ಮುಂಚೆ ಒಳ್ಗ್ ಹೋಯ್ದೆ ಕಾಣಿ!”

ಆ ಫೋನು ಇಟ್ಟು ಸ್ವಲ್ಪ ಹೊತ್ತಿಗೆ ಒಂದು ಸಂದೇಶ ಬಂತು. ಜಾಹೀರಾತು ತೆಗೆಯುವುದು ಮರೆತಿತ್ತು. ಭಾಷೆ ನೋಡಿದರೆ ಘಟ್ಟದ ಮೇಲಿನವರು. “ಮೇಡಂ, ಸೈಕಲ್ ಇದೆಯಾ?”

ನಾನು ಕೂತುಕೊಂಡು ಯೋಚಿಸಿ, ನಿಧಾನವಾಗಿ ಒಂದೇ ಪದ ಬರೆದೆ: “ಇತ್ತು.”

ಅವರು ಓದಿದರೆ ಸೈಕಲ್ ಹೋಯಿತು. ನಮ್ಮವರು ಓದಿದರೆ ಸೈಕಲ್ ಇದೆ, ಉಪ್ಪುಂದದಲ್ಲಿ. ಎರಡೂ ಸಮ.